ಚಾಯ್ ಕಡೆ, ಗೇಟ್ ಕಡೆ

"ಅವರು ಕೈ ಯಾಕೆ ಬಿಡಲಿಲ್ಲ?" ಎಂದು ನನ್ನನ್ನು ಕೇಳದವರು ಉಳಿದಿಲ್ಲ. ಫ್ಯಾಕ್ಟರಿಯ ಎಚ್‌ಆರ್‌ನವರು ಕೇಳಿದರು. ಮೇಲಿನ ಫ್ಲ್ಯಾಟಿನವರು ಲಿಫ್ಟಿನಲ್ಲಿ ಕೇಳಿದರು. ಕಲಬುರ್ಗಿಯಿಂದ ಅಣ್ಣ ಫೋನ್ ಮಾಡಿ, ಮೊದಲು ನನಗೇನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಇದನ್ನೇ ಕೇಳಿದ. ಕೇಳುವಾಗ ಎಲ್ಲರಲ್ಲೂ ಒಂದೇ ಬಗೆಯ ಜಾಣತನ ಕಾಣುತ್ತದೆ. ಫೋನಿನಲ್ಲಿಯೂ ಅದು ಗೊತ್ತಾಗುತ್ತದೆ. ರಿಮೋಟಿನಿಂದ ಕೈ ತೆಗೆದರೆ ಕ್ರೇನ್ ನಿಲ್ಲುತ್ತದೆ, ಅಷ್ಟು ಗೊತ್ತಿದ್ದ ಮನುಷ್ಯ ಕೈ ತೆಗೆಯಬೇಕಿತ್ತು. ನಿಜ. ತೆಗೆದಿದ್ದರೆ ನಿಲ್ಲುತ್ತಿತ್ತು. ಕುರ್ಚಿಯ ಮೇಲೆ ಕೂತು ಯೋಚಿಸಿದರೆ ನನಗೂ ಹಾಗೇ ಅನಿಸುತ್ತದೆ. ಆದರೆ ಆ ಹೊತ್ತು ನಾನು ಕುರ್ಚಿಯ ಮೇಲೆ ಇರಲಿಲ್ಲ. ಐದಾರು ಹೆಜ್ಜೆ ದೂರದಲ್ಲಿ ನಿಂತಿದ್ದೆ, ಕೈಯಲ್ಲಿದ್ದ ಫೈಲನ್ನು ನಾನೂ ಬಿಟ್ಟಿರಲಿಲ್ಲ. ಎರಡೂ ಕೈಯಿಂದ ಎದೆಗೆ ಅವುಚಿಕೊಂಡಿದ್ದೆ. ಬೇರೆ ಯಾರೋ ಬಂದು ಒಂದೊಂದೇ ಬೆರಳು ಬಿಡಿಸಿ ಅದನ್ನು ತೆಗೆದುಕೊಂಡರು.

ಮಿಯಾಪುರ ದಾಟಿ ಕಂಪನಿ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಹೋದರೆ ನಮ್ಮ ಫ್ಯಾಕ್ಟರಿ. ಔಷಧಿ ತಯಾರಿಸುವವರಿಗೆ ಬೇಕಾಗುವ ದೊಡ್ಡ ಉಕ್ಕಿನ ಟ್ಯಾಂಕುಗಳನ್ನು ಮಾಡುತ್ತೇವೆ. ಊರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಅಮೀರ್‌ಪೇಟ್‌ನ ಹಾಸ್ಟೆಲಿನಲ್ಲಿದ್ದು ಡ್ರಾಯಿಂಗ್ ಸಾಫ್ಟ್‌ವೇರ್ ಕಲಿತು, ಕೊನೆಗೆ ನಾನು ಬಂದು ಸೇರಿದ್ದು ಇಲ್ಲಿನ ಕ್ವಾಲಿಟಿ ವಿಭಾಗವನ್ನು. ವೆಲ್ಡಿಂಗ್ ಸರಿಯಿದೆಯೇ, ನಂಬರು ಸರಿಯಿದೆಯೇ, ಜಾಗ ಚೊಕ್ಕಟವಾಗಿದೆಯೇ ಎಂದು ನೋಡಿ ಸಹಿ ಹಾಕುವ ಕೆಲಸ. ಶೆಡ್ಡಿನಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವರು ಒಬ್ಬರೇ, ಕ್ರೇನ್ ನಡೆಸುವ ಬೀದರ್ ಕಡೆಯ ಹಿರಿಯರು. ಎಲ್ಲರಿಗೂ ಅವರು ಕಾಕಾ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಇಪ್ಪತ್ತು ವರ್ಷದಿಂದ ಅದೇ ಶೆಡ್ಡಿನಲ್ಲಿ ಅದೇ ಕ್ರೇನ್. ಜನರೆದುರು ನನ್ನನ್ನು ಮೇಡಂ ಎನ್ನುವರು, ಇಬ್ಬರೇ ಇದ್ದರೆ ಯವ್ವಾ.

ಕಾಕಾ ಜೊತೆ ಯಾವಾಗಲೂ ಇರುತ್ತಿದ್ದವನು ಒಬ್ಬ ಖಲಾಸಿ. ಲೋಡಿಗೆ ಸ್ಲಿಂಗ್ ಎಂಬ ದಪ್ಪ ಪಟ್ಟಿ ಕಟ್ಟಿ, ಹುಕ್ಕಿಗೆ ಹಾಕಿ, ಯಾವ ಕಡೆ ಒಯ್ಯಬೇಕೆಂದು ಕೂಗಿ ಹೇಳುವುದು ಅವನ ಕೆಲಸ. ಸಂಗಾರೆಡ್ಡಿ ಕಡೆಯವನು, ನಲವತ್ತರ ಆಸುಪಾಸು. ಅವನು ತೆಲುಗಿನಲ್ಲಿ ಕೂಗುವನು, ಕಾಕಾ ಅರ್ಧ ದಖ್ಖನಿ ಅರ್ಧ ತೆಲುಗಿನಲ್ಲಿ ಉತ್ತರ ಕೊಡುವರು. ಅವರಿಬ್ಬರ ಮಾತಿನಲ್ಲಿ ಎಡ ಬಲ ಇರಲಿಲ್ಲ. ಮುಂದೆ ಹಿಂದೆಯೂ ಇರಲಿಲ್ಲ. ಉದ್ದನೆಯ ಶೆಡ್ಡಿನ ಒಂದು ತುದಿಯಲ್ಲಿ ಚಾಯ್ ಅಂಗಡಿ, ಇನ್ನೊಂದು ತುದಿಯಲ್ಲಿ ಲಾರಿ ಬರುವ ಗೇಟು. ಆದ್ದರಿಂದ ಲೋಡು ಹೋಗುವುದು ಚಾಯ್ ಕಡೆ, ಇಲ್ಲವೇ ಗೇಟ್ ಕಡೆ. ಇಬ್ಬರೂ ಎದುರುಬದುರು ನಿಂತಿದ್ದರೂ, ಬೆನ್ನಿಗೆ ಬೆನ್ನು ಮಾಡಿ ನಿಂತಿದ್ದರೂ ಚಾಯ್ ಎಂದರೆ ಚಾಯ್, ಗೇಟ್ ಎಂದರೆ ಗೇಟ್. ಹೊಸದಾಗಿ ಬಂದಾಗ ನನಗೆ ಇದು ತಮಾಷೆ ಎನಿಸಿತ್ತು. ಡ್ರಾಯಿಂಗಿನಲ್ಲಿ ಎಲ್ಲದಕ್ಕೂ ಅಕ್ಷ, ಅಂಕಿ ಕೊಟ್ಟು ಕಲಿತವಳಿಗೆ ಚಾಯ್ ಅಂಗಡಿ ಒಂದು ದಿಕ್ಕು ಎಂದರೆ ನಗು ಬರುತ್ತದೆ.

ಹಳೆಯ ಕ್ರೇನಿನಲ್ಲಿ ಮೇಲಿನಿಂದ ಒಂದು ದಪ್ಪ ವೈರು ಇಳಿದು, ಅದರ ತುದಿಗೆ ಬಟನ್ನುಗಳ ಹಳದಿ ಪೆಟ್ಟಿಗೆ ತೂಗುತ್ತಿತ್ತು. ಬಟನ್ನುಗಳು ಬಿಗಿ. ಅರ್ಧ ಒತ್ತಿದರೆ ಕ್ರೇನ್ ನಿಧಾನಕ್ಕೆ ಸರಿಯುವುದು, ಇನ್ನೂ ಒತ್ತಿದರೆ ಹೆಬ್ಬೆರಳಿಗೆ ಟಕ್ ಎಂದು ತಾಕಿ ವೇಗ ಬರುವುದು. ಒಂದು ಬಟನ್ನಿಗೆ ಒಂದು ಕೆಲಸ. ತಪ್ಪು ಬಟನ್ ಒತ್ತಿದರೆ ಬೆರಳಿಗೇ ಗೊತ್ತಾಗುತ್ತಿತ್ತು ಎಂದು ಕಾಕಾ ಹೇಳುವರು. ಅವರ ಬಲಗೈ ಹೆಬ್ಬೆರಳಿನ ತುದಿ ಜಡ್ಡುಗಟ್ಟಿತ್ತು.

ಹೋದ ವರ್ಷ ಅದನ್ನು ತೆಗೆದು ರಿಮೋಟ್ ತಂದರು. ಕೊರಳಿಗೆ ಬೆಲ್ಟು ಹಾಕಿ ಹೊಟ್ಟೆಯ ಮುಂದೆ ಕಟ್ಟಿಕೊಳ್ಳುವ ಪೆಟ್ಟಿಗೆ, ಅದರ ಮೇಲೆ ಎರಡು ಜಾಯ್‌ಸ್ಟಿಕ್. ಕಾಕಾ ಅದನ್ನು ಕಡ್ಡಿ ಎಂದರು. ಒಂದು ಕಡ್ಡಿ ಲೋಡನ್ನು ಎತ್ತಿ ಇಳಿಸಲು, ಇನ್ನೊಂದು ಶೆಡ್ಡಿನ ಉದ್ದಕ್ಕೂ ಒಯ್ಯಲು. ಕಡ್ಡಿಯನ್ನು ಎಷ್ಟು ದೂಡುತ್ತೀರೋ ಅಷ್ಟು ವೇಗ. ಮಾರಲು ಬಂದ ಎಂಜಿನಿಯರು ಒಂದು ಬೆರಳಿನಲ್ಲಿ ದೂಡಿ ತೋರಿಸಿ, ಇನ್ನು ವೈರಿನ ಹಿಂದೆ ಓಡಾಡಬೇಕಿಲ್ಲ, ಎಲ್ಲಿ ಬೇಕಾದರೂ ನಿಂತು ನಡೆಸಬಹುದು ಎಂದು ಎರಡು ಮೂರು ಸಲ ಹೇಳಿದ. ಚಾಯ್ ಅಂಗಡಿಯ ಹತ್ತಿರ, ಗೇಟಿಗೆ ಮುಖ ಮಾಡಿ ನಿಂತು ತೋರಿಸಿದ. ಕಡ್ಡಿ ಮುಂದೆ ದೂಡಿದರೆ ಲೋಡು ಮುಂದೆ ಹೋಗುತ್ತದೆ, ಗೇಟಿನ ಕಡೆ. ಹೊಟ್ಟೆಯ ಕಡೆ ಎಳೆದರೆ ಚಾಯ್ ಕಡೆ ಬರುತ್ತದೆ. ಎಲ್ಲರೂ ತಲೆಯಾಡಿಸಿದೆವು. ಅದೇ ಮನುಷ್ಯ ಶೆಡ್ಡಿನ ಆಚೆ ಹೋಗಿ ಚಾಯ್ ಅಂಗಡಿಗೆ ಮುಖ ಮಾಡಿ ನಿಂತರೆ ಏನಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಪೆಟ್ಟಿಗೆ ಅವನ ಜೊತೆ ತಿರುಗುತ್ತದೆ, ಕ್ರೇನ್ ತಿರುಗುವುದಿಲ್ಲ. ಆಗ ಮುಂದೆ ದೂಡಿದರೆ ಲೋಡು ಅವನ ಮೈಮೇಲೇ ಬರುತ್ತದೆ. ಎಲ್ಲಿ ಬೇಕಾದರೂ ನಿಲ್ಲಬಹುದು ಎಂದು ಮಾರಿದ್ದ ವಸ್ತು ಒಂದೇ ಕಡೆ ನಿಂತರೆ ಮಾತ್ರ ನೆಟ್ಟಗಿರುತ್ತಿತ್ತು.

ಸ್ಟೋರಿನವರು ಅದಕ್ಕೆ ಪ್ಲಾಸ್ಟಿಕ್ ಹೊದಿಸಿ ರಬ್ಬರ್ ಬ್ಯಾಂಡ್ ಹಾಕಿಕೊಟ್ಟರು. ತುಟ್ಟಿ ವಸ್ತು, ಧೂಳು ಹೋಗಬಾರದು ಎಂದು. ನಮ್ಮ ಮನೆಯ ಟಿವಿ ರಿಮೋಟಿಗೂ ಪ್ಲಾಸ್ಟಿಕ್ ಇದೆ, ಹಾಗಾಗಿ ನನಗದು ವಿಚಿತ್ರ ಎನಿಸಲೇ ಇಲ್ಲ. ಹದಿನೈದು ದಿನದಲ್ಲಿ ಗ್ರೀಸಿನ ಕೈ ತಾಕಿ ಪ್ಲಾಸ್ಟಿಕ್ ಮಬ್ಬಾಯಿತು. ಕೆಳಗಿದ್ದ ಬಾಣದ ಗುರುತು ಕಾಣದಾಯಿತು. ತುರ್ತಿಗೆ ಒತ್ತಬೇಕಾದ ಕೆಂಪು ಬಟನ್ ಒಣಗಿದ ಟೊಮೆಟೊದಂತೆ ಕಾಣುತ್ತಿತ್ತು.

ಕಾಕಾ ತಮ್ಮ ದಾರಿ ತಾವು ಹುಡುಕಿಕೊಂಡಿದ್ದರು. ಮೊಮ್ಮಗಳ ಹಳೆಯ ಅಕ್ಷರ ಚಾರ್ಟಿನಿಂದ ಒಂದು ಗಾಜಿನ ಲೋಟದ ಚಿತ್ರ, ಒಂದು ಬೀಗದ ಚಿತ್ರ ಕತ್ತರಿಸಿ ತಂದು, ಪ್ಲಾಸ್ಟಿಕ್ಕಿನ ಮೇಲೆ ಸೆಲೋಟೇಪಿನಿಂದ ಅಂಟಿಸಿದ್ದರು. ಕಡ್ಡಿಯ ಹೊಟ್ಟೆಯ ಕಡೆಯ ತುದಿಗೆ ಲೋಟ, ಆಚೆ ತುದಿಗೆ ಬೀಗ. ಲೋಟದ ಕಡೆ ಸರಿಸಿದರೆ ಲೋಡು ಚಾಯ್ ಕಡೆ, ಬೀಗದ ಕಡೆ ಸರಿಸಿದರೆ ಗೇಟ್ ಕಡೆ. ಎಲ್ಲಿ ನಿಂತರೂ ಒಮ್ಮೆ ಕಣ್ಣು ಕೆಳಗೆ ಹಾಯಿಸಿ ಸರಿಸುವರು. ಹೀಗೆ ನಾಲ್ಕು ತಿಂಗಳು ನಡೆಯಿತು.

ಆಗ ಗ್ರಾಹಕ ಕಂಪನಿಯೊಂದರ ಆಡಿಟ್ ಬಂತು. ಶೆಡ್ಡಿನಲ್ಲಿ ಅಂಟಿಸಿದ್ದು, ತೂಗುಹಾಕಿದ್ದು, ಗೀಚಿದ್ದು ಏನೂ ಇರಬಾರದೆಂದು ನನಗೆ ಹೇಳಿದ್ದರು. ದೇವರ ಫೋಟೊ, ಹಳೆಯ ಕ್ಯಾಲೆಂಡರು ತೆಗೆಸಿದೆ. ಲೋಟ ಮತ್ತು ಬೀಗವನ್ನೂ ತೆಗೆಸಿದೆ.

ಕಾಕಾ ಜಗಳವಾಡಲಿಲ್ಲ, ಕೇಳಿದರು ಅಷ್ಟೇ. "ಗ್ಲಾಸ್ ತೆಗದ್ರ ಯಾವ ಕಡಿ ಅಂತ ನಾ ಹೆಂಗ ತಿಳ್ಕೊಳ್ಳಲಿ ಯವ್ವಾ?"

"ಪ್ಲಾಸ್ಟಿಕ್ ಒರಿಸಿ ನೋಡ್ರಿ ಕಾಕಾ, ಒಳಗ ಬಾಣದ ಗುರ್ತು ಐತಲ್ರಿ."

"ಬಾಣ ನನ್ನ ಸಂಗಾಟ ತಿರಗತೈತಿ. ಚಾಯ್ ಅಂಗಡಿ ತಿರಗಂಗಿಲ್ಲ."

ಇದಕ್ಕಿಂತ ಸ್ಪಷ್ಟವಾಗಿ ಯಾವ ಎಂಜಿನಿಯರೂ ಹೇಳಿಲ್ಲ. ನಾನು ನಕ್ಕೆ. ಆಡಿಟ್ ಮುಗಿಯಲಿ, ಚೆಂದದ ಸ್ಟಿಕ್ಕರ್ ಮಾಡಿಸೋಣ ಎಂದೆ. ಆಡಿಟ್ ಮುಗಿಯಿತು, ಮೆಚ್ಚುಗೆಯ ಮೇಲ್ ಬಂತು, ಸ್ಟಿಕ್ಕರ್ ನಾನು ಮರೆತೆ. ಮೂರು ವಾರ ಏನೂ ಆಗಲಿಲ್ಲ, ಏಕೆಂದರೆ ಆ ಮೂರು ವಾರವೂ ಕಾಕಾ ಚಾಯ್ ಅಂಗಡಿಯ ಕಡೆಯೇ ನಿಂತು ಕ್ರೇನ್ ನಡೆಸಿದ್ದರು.

ಆ ದಿನ ಊಟದ ನಂತರ ಚಾಯ್ ಕಡೆಯ ಜಾಗದಲ್ಲಿ ಒಂದು ತಯಾರಾದ ಟ್ಯಾಂಕ್ ಇಳಿಸಿಟ್ಟಿದ್ದರು. ಅಲ್ಲಿ ನಿಂತರೆ ಏನೂ ಕಾಣುತ್ತಿರಲಿಲ್ಲ. ಕಾಕಾ ಸುತ್ತುಹಾಕಿ ಗೇಟಿನ ಕಡೆ ಹೋಗಿ, ಚಾಯ್ ಅಂಗಡಿಗೆ ಮುಖ ಮಾಡಿ ನಿಂತರು. ಎತ್ತಬೇಕಾಗಿದ್ದು ಮೂರು ಟನ್ನಿನ ಒಂದು ಶೆಲ್, ಎಂದರೆ ಎರಡೂ ಕಡೆ ಬಾಯಿ ತೆರೆದ ಉಕ್ಕಿನ ದೊಡ್ಡ ಕೊಳವೆ. ಅದು ರೋಟೇಟರ್ ಮೇಲಿತ್ತು. ವೆಲ್ಡಿಂಗ್ ಮಾಡುವಾಗ ಶೆಲ್ಲನ್ನು ಉರುಳಿಸುವ ಕಬ್ಬಿಣದ ಪೀಠ ಅದು. ಕಾಕಾ ಶೆಲ್ಲನ್ನು ಎತ್ತಿದರು. ಅದು ಎದೆಯ ಮಟ್ಟಕ್ಕೆ ಬಂದು, ಪೀಠದಿಂದ ಎರಡು ಮೂರು ಅಡಿ ಚಾಯ್ ಕಡೆ ತೂಗಾಡಿ ನಿಂತಿತು. ಒಂದು ಸ್ಲಿಂಗ್ ಹೊರಳಿತ್ತು. ಅದನ್ನು ಸರಿಮಾಡಲು ಖಲಾಸಿ ಶೆಲ್ಲಿಗೂ ಪೀಠಕ್ಕೂ ನಡುವೆ ಹೋದ. ಹೋಗಬಾರದು. ಎಲ್ಲರೂ ಹೋಗುತ್ತಾರೆ. ಸ್ಲಿಂಗ್ ನೆಟ್ಟಗೆ ಮಾಡಿ, ಅಲ್ಲಿಂದಲೇ ಕೈ ಎತ್ತಿ, ಚಾಯ್ ಕಡೆ ಎಂದು ಕೂಗಿದ. ಶೆಲ್ ಅವನಿಂದ ದೂರ ಹೋಗಬೇಕು, ಕಾಕಾನಿಂದಲೂ ದೂರ ಹೋಗಬೇಕು. ಕಾಕಾ ದೂರಕ್ಕೆ ದೂಡಿದರು.

ಶೆಲ್ ಹತ್ತಿರ ಬಂತು.

ಮುಂದಿನದು ಮೂರು ಸೆಕೆಂಡು ಇರಬಹುದು. ನಾನು ಅದನ್ನು ಬಸ್ಸಿನಲ್ಲಿ, ಅಡಿಗೆ ಮನೆಯಲ್ಲಿ, ಸ್ನಾನ ಮಾಡುವಾಗ ಎಷ್ಟು ಸಲ ನೋಡಿದ್ದೇನೋ. ಶೆಲ್ ತಮ್ಮ ಕಡೆ ಬರುವುದು ಕಾಕಾ ಕಣ್ಣಿಗೆ ಬಿತ್ತು. ಅವರ ಮುಖ ಬದಲಾಯಿತು. ಕಡ್ಡಿಯ ಮೇಲಿದ್ದ ಕೈ ಅದನ್ನು ತಡೆಯಲು ಇನ್ನೂ ಜೋರಾಗಿ ಆಚೆ ದೂಡಿತು. ಬರುತ್ತಿರುವ ಗೂಳಿಯನ್ನು ಯಾರಾದರೂ ತಮ್ಮ ಕಡೆಗೆ ಎಳೆದುಕೊಂಡು ನಿಲ್ಲಿಸುತ್ತಾರೆಯೇ? ಆಚೆ ದೂಡುತ್ತಾರೆ. ಕಾಕಾ ದೂಡಿದಷ್ಟೂ ಅದು ಜೋರಾಗಿ ಬಂತು, ಅದು ಬಂದಷ್ಟೂ ಅವರು ದೂಡಿದರು. ನನಗೆ ಎಲ್ಲವೂ ಕಾಣುತ್ತಿತ್ತು, ಕಾಕಾನ ಬಿಳಿಚಿದ ಬೆರಳಿನ ಗೆಣ್ಣು ಕೂಡ. ನಾನು ಫೈಲನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡೆ. ಖಲಾಸಿ ಪೀಠದ ಎರಡು ಉರುಳೆಗಳ ನಡುವಿನ ಸಂದಿಗೆ ಚೀಲ ಎಸೆದಂತೆ ತನ್ನನ್ನೇ ಎಸೆದುಕೊಂಡ. ಶೆಲ್ ಬಂದು ಪೀಠಕ್ಕೆ ಬಡಿಯಿತು. ದೊಡ್ಡ ಗಂಟೆ ಹೊಡೆದ ಹಾಗೆ ಶೆಡ್ಡಿನ ತಗಡೆಲ್ಲ ಅದುರಿತು. ಆ ಸದ್ದಿಗೆ ಕಾಕಾನ ಕೈ ಕಡ್ಡಿಯಿಂದ ಕಳಚಿತು, ಕ್ರೇನ್ ನಿಂತಿತು.

ಸಂದಿಯಿಂದ ಮೊದಲು ಹೊರಗೆ ಬಂದದ್ದು ಖಲಾಸಿಯ ಒಂದು ಕೈ. ನೆಲ ತಡವುತ್ತ ಏನನ್ನೋ ಹುಡುಕುತ್ತಿತ್ತು. ತನ್ನ ಚಪ್ಪಲಿ ಎಲ್ಲಿ ಎಂದು ಕೇಳಿದ. ಅವನು ಹಾಕಿದ್ದು ಸೇಫ್ಟಿ ಶೂ, ಅವು ಕಾಲಲ್ಲೇ ಇದ್ದವು. ಭುಜ ಜಜ್ಜಿತ್ತು, ಹಣೆ ತರಚಿತ್ತು, ಅಷ್ಟೇ. ಅವನ ತಲೆಗೂ ಶೆಲ್ ಬಡಿದ ಜಾಗಕ್ಕೂ ನಡುವೆ ಒಂದು ಗೇಣೂ ಇರಲಿಲ್ಲ. ಆಮೇಲೆ ನಾನೇ ಅಳೆದೆ. ಯಾಕೆ ಅಳೆದೆನೋ ಗೊತ್ತಿಲ್ಲ, ಅಳೆಯುವುದೊಂದೇ ನನಗೆ ಗೊತ್ತಿರುವ ಕೆಲಸ.

ಮನೆಗೆ ಬಂದು ಹೇಳಿದರೆ ಗಂಡ ಎಲ್ಲವನ್ನೂ ಕೇಳಿ, ಮೊದಲು ನೀರು ತಂದುಕೊಟ್ಟು, ಆಮೇಲೆ ಅದೇ ಪ್ರಶ್ನೆ ಕೇಳಿದರು. ಅವರು ಒಳ್ಳೆಯವರು. ಆದರೂ ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ನಿಮ್ಮ ತಂಗಿ ಸ್ಕೂಟಿ ತಗೊಂಡು ವಾಚ್‌ಮನ್ ಖೋಲಿಗೆ ಹೊಡದ್ಲಲ್ಲ, ಆಕಿ ಕೈ ಬಿಟ್ಟಿದ್ಲೇನ್ರಿ?"

"ಅದು ಬ್ಯಾರೆ. ಆಕಿ ಕಲಿಯಾಕತ್ತಿದ್ಲು."

"ಕಾಕಾನೂ ಕಲಿಯಾಕತ್ತಾರ. ಇಪ್ಪತ್ತು ವರ್ಷದ್ದು ಮರೀಬೇಕು, ನಾಕು ತಿಂಗಳದ್ದು ಕಲೀಬೇಕು."

ನಾದಿನಿ ಅಂದು ಗೋಡೆ ನೋಡಿ ಹೆದರಿ, ಆಕ್ಸಿಲರೇಟರನ್ನೇ ಗಟ್ಟಿಯಾಗಿ ತಿರುವಿ ಹಿಡಿದಿದ್ದಳು. ಹೆದರಿದ ಕೈ ಬಿಡುವುದಿಲ್ಲ, ಹಿಡಿಯುತ್ತದೆ. ಇದು ಎಲ್ಲರ ಮನೆಯಲ್ಲೂ ಆಗಿರುವ ಸಂಗತಿ. ಇನ್ನೂ ಸಿಟ್ಟು ಬರಿಸುವ ಮಾತೊಂದಿದೆ. ನಮ್ಮದೇ ಪಕ್ಕದ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುವ ಒಂದು ರೋಬಾಟ್ ಇದೆ. ಅದಕ್ಕೆ ಕೆಲಸ ಕಲಿಸಲು ಕೈಯಲ್ಲಿ ಹಿಡಿಯುವ ಪೆಟ್ಟಿಗೆಯ ಹಿಂದೆ ಒಂದು ಬಟನ್ ಇದೆ. ಅದನ್ನು ಹದವಾಗಿ ಒತ್ತಿ ಹಿಡಿದರೆ ಮಾತ್ರ ರೋಬಾಟ್ ಅಲುಗಾಡುತ್ತದೆ. ಕೈ ಬಿಟ್ಟರೆ ನಿಲ್ಲುತ್ತದೆ, ಗಾಬರಿಯಿಂದ ಗಟ್ಟಿಯಾಗಿ ಅದುಮಿದರೂ ನಿಲ್ಲುತ್ತದೆ. ಅದನ್ನು ಮಾಡಿದವರಿಗೆ ಮನುಷ್ಯನ ಕೈ ಹೇಗೆ ಹೆದರುತ್ತದೆಂದು ಗೊತ್ತಿತ್ತು. ಆ ತಿಳಿವಳಿಕೆ ನಮ್ಮ ಕಾಂಪೌಂಡಿನಲ್ಲೇ ಇತ್ತು, ನೂರು ಹೆಜ್ಜೆ ಆಚೆ. ಗೋಡೆ ದಾಟಿ ಈಚೆ ಬಂದಿರಲಿಲ್ಲ.

ಮರುದಿನ ವಿಚಾರಣೆಯ ಫಾರಂ ತುಂಬಿಸಲು ನನ್ನ ಮುಂದೆ ಒಂದು ಟ್ಯಾಬ್ ಇಟ್ಟರು. ಎದುರಿಗೆ ನಿಂತು ನೋಡಿದವಳು ನಾನೊಬ್ಬಳೇ. ಕಾರಣ ಎಂಬ ಕಡೆ ಒತ್ತಿದರೆ ಪಟ್ಟಿಯೊಂದು ಇಳಿಯುತ್ತದೆ. ಮೊದಲನೆಯದೇ ನೌಕರನ ನಿರ್ಲಕ್ಷ್ಯ. ಏನೂ ಒತ್ತದಿದ್ದರೂ ಅದೇ ಆಯ್ಕೆಯಾಗಿರುತ್ತದೆ. ಪಟ್ಟಿಯ ತಳದಲ್ಲಿ ಇತರೆ ಎಂದಿದೆ. ಅಕ್ಷರ ಎಷ್ಟು ಸಣ್ಣದೆಂದರೆ ನನ್ನ ಬೆರಳು ಮೂರು ಸಲ ಅದರ ಮೇಲಿನ ಹೆಲ್ಮೆಟ್ ಧರಿಸಿರಲಿಲ್ಲ ಎಂಬುದಕ್ಕೆ ತಗುಲಿತು. ನಾಲ್ಕನೆಯ ಸಲ ಇತರೆ ಸಿಕ್ಕಿತು, ಬರೆಯಲು ಎರಡು ಸಾಲಿನ ಜಾಗ. ಎರಡು ಸಾಲಿನಲ್ಲಿ ಏನು ಬರೆಯುವುದು? ಎಚ್‌ಆರ್‌ನವರು ಬಾಗಿಲಲ್ಲಿ ನಿಂತು, ಸುಮ್ಮನೆ ಮೊದಲನೆಯದನ್ನೇ ಇಟ್ಟು ಸಹಿ ಮಾಡಿ ಮೇಡಂ ಎಂದರು. ಆ ಸಹಿ ಬಿದ್ದರೆ ಕಾಕಾನ ಗೇಟ್ ಪಾಸ್ ಅಂದೇ ನಿಲ್ಲುತ್ತಿತ್ತು. ಎರಡು ವರ್ಷದ ನಂತರ ಹಾರ ಹಾಕಿಸಿಕೊಂಡು ಹೋಗಬೇಕಾದವರು ಮನುಷ್ಯನನ್ನು ಕೊಲ್ಲಹೊರಟವರೆಂಬ ಹೆಸರು ಹೊತ್ತು ಹೋಗಬೇಕಿತ್ತು. ನಾನು ಸಹಿ ಮಾಡದೆ ಟ್ಯಾಬನ್ನು ವಾಪಸು ಕೊಟ್ಟೆ.

ಸಮಿತಿ ಕೂತಿತು. ಫ್ಯಾಕ್ಟರಿ ಮುಖ್ಯಸ್ಥರು, ಸುರಕ್ಷತಾ ಅಧಿಕಾರಿ, ಎಚ್‌ಆರ್‌ನವರು. ಮೊದಲು ಕಾಕಾನನ್ನು ಕರೆದರು. ನಾನು ಹಿಂದಿನ ದಿನ ಅವರಿಗೆ ಎಲ್ಲ ಹೇಳಿಕೊಟ್ಟಿದ್ದೆ: ಎಲ್ಲಿ ನಿಂತಿದ್ದಿರಿ, ಕಡ್ಡಿ ಹೇಗೆ ತಿರುಗಿತ್ತು, ಅದನ್ನು ಹೇಳಿ. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದು, ಹಿಂದಿಯಲ್ಲಿ ಒಂದೇ ಮಾತು ಹೇಳಿ ಬಂದುಬಿಟ್ಟರು, ತಪ್ಪು ನನ್ನದೇ ಎಂದು. ನನಗೆ ಅವರ ಮೇಲೇ ರೇಗಿತು. ಹೊರಗೆ ನಲ್ಲಿಯ ಹತ್ತಿರ ಹಿಡಿದು ನಿಲ್ಲಿಸಿದೆ.

"ಹಂಗ ಯಾಕ ಅಂದ್ರಿ ಕಾಕಾ?"

"ಮತ್ತೇನ ಅನ್ಲಿ ಯವ್ವಾ? ಕಡ್ಡಿ ಹಿಡದಾಂವ ನಾ. ಅಂವ ನನ್ನ ಕಣ್ಮುಂದ ಸಂದ್ಯಾಗ ಬಿದ್ದ. ತಪ್ಪ ಕಡ್ಡೀದು ಅಂದ್ರ ಕೇಳಿದವರು ನಗ್ತಾರ."

"ನಗಲಿ. ನೌಕರಿ ಉಳೀತೈತಿ."

"ನೌಕರಿ ಮಾತ ಬ್ಯಾರೆ," ಎಂದವರು ಮುಖಕ್ಕೆ ನೀರು ಹಾಕಿಕೊಂಡು ಹೋದರು.

ಒಳಗೆ ಮುಖ್ಯಸ್ಥರು ನನಗೆ ತಾಳ್ಮೆಯಿಂದಲೇ ವಿವರಿಸಿದರು. ಉಳಿದ ಎರಡು ಶೆಡ್ಡುಗಳಲ್ಲೂ ಇದೇ ರಿಮೋಟ್, ಅಲ್ಲಿ ಏನೂ ಆಗಿಲ್ಲವಲ್ಲ ಎಂದರು. ಆ ಶೆಡ್ಡುಗಳಲ್ಲಿ ಒಂದು ಕಡೆ ಗೋಡೆಯವರೆಗೂ ಯಂತ್ರಗಳಿವೆ, ನಿಲ್ಲಲು ಒಂದೇ ಜಾಗ ಎಂದೆ. ಅವರಿಗೆ ಅದು ನೆಪದಂತೆ ಕಂಡಿತು. ನಾನು ವಾದ ಬಿಟ್ಟು, ಬಂದು ನೀವೇ ನಡೆಸಿ ನೋಡಿ ಎಂದೆ. ಬರಿಯ ಹುಕ್ಕು, ಲೋಡಿಲ್ಲ, ಕೆಳಗೆ ಯಾರೂ ಇರುವುದಿಲ್ಲ.

ಅಷ್ಟು ಮಾತ್ರ ಒಪ್ಪಿದರು. ಖಲಾಸಿ ಅಂದೇ ಕೆಲಸಕ್ಕೆ ಬಂದಿದ್ದ, ಭುಜಕ್ಕೆ ಪಟ್ಟಿ ಕಟ್ಟಿತ್ತು. ಕೂಗಲು ಅವನನ್ನೇ ಕರೆದೆ. ಅವನು ಕ್ರೇನಿನ ಕೆಳಗೆ ಬರಲು ಒಪ್ಪದೆ ಗೋಡೆಗೆ ಬೆನ್ನು ಹಚ್ಚಿ ನಿಂತ. ಮುಖ್ಯಸ್ಥರು ಪೆಟ್ಟಿಗೆ ಕಟ್ಟಿಕೊಂಡು ಗೇಟಿನ ಕಡೆ, ಚಾಯ್ ಅಂಗಡಿಗೆ ಮುಖ ಮಾಡಿ ನಿಂತರು. ಖಲಾಸಿ ಚಾಯ್ ಎಂದು ಕೂಗಿದ. ಅವರು ದೂಡಿದರು. ಹುಕ್ಕು ತೂಗುತ್ತ ನೇರವಾಗಿ ಅವರ ಕಡೆ ಬಂತು.

"ಸಾರ್, ನನ್ನು ಸಂಪೇಸಿನ್ರು," ಎಂದ ಖಲಾಸಿ ಗೋಡೆಯ ಹತ್ತಿರದಿಂದ. ಸಾರ್, ನನ್ನನ್ನು ಕೊಂದುಬಿಟ್ಟಿರಿ ಎಂದು. ನಗುತ್ತಲೇ ಹೇಳಿದ, ಆದರೆ ಸುತ್ತ ನಿಂತವರಲ್ಲಿ ಯಾರೂ ನಗಲಿಲ್ಲ.

ತಾವು ತಯಾರಿರಲಿಲ್ಲ ಎಂದರು ಮುಖ್ಯಸ್ಥರು. ಎರಡನೆಯ ಸಲ ಒಂದು ಕ್ಷಣ ಯೋಚಿಸಿ ಸರಿಯಾಗಿ ಮಾಡಿದರು. ಸುರಕ್ಷತಾ ಅಧಿಕಾರಿ ಮೊದಲ ಸಲವೇ ಸರಿಯಾಗಿ ಮಾಡಿ ನನ್ನನ್ನು ನೋಡಿದರು. ನಾನು ಖಲಾಸಿಗೆ ಬೇಗ ಬೇಗ ಕೂಗಲು ಹೇಳಿದೆ. ಚಾಯ್, ಗೇಟ್, ಗೇಟ್, ಚಾಯ್. ನಾಲ್ಕನೆಯದಕ್ಕೆ ಅವರ ಕೈಯೂ ದೂಡಿತು, ಹುಕ್ಕು ಬಂತು, ಕೈ ಇನ್ನೂ ದೂಡಿತು. ಎಚ್‌ಆರ್‌ನವರು ತಮಗೆ ಬೆನ್ನುನೋವು ಎಂದು ಪೆಟ್ಟಿಗೆ ಮುಟ್ಟಲಿಲ್ಲ.

ಇಷ್ಟಾದ ಮೇಲೆ ವಾಪಸು ಬಂದು ಕೂತು ಮುಖ್ಯಸ್ಥರು ಏನು ಹೇಳಿದರು ಗೊತ್ತೇ? ತರಬೇತಿ ಸಾಲದು ಎಂಬುದು ಇದರಿಂದ ಸಿದ್ಧವಾಯಿತು, ಇಷ್ಟು ಹಳೆಯ ಆಪರೇಟರ್ ಇದನ್ನು ತಾನೇ ಕಲಿತುಕೊಂಡು ಏನಾದರೊಂದು ಉಪಾಯ ಮಾಡಿಕೊಳ್ಳಬೇಕಿತ್ತು. ಉಪಾಯ ಮಾಡಿಕೊಳ್ಳಬೇಕಿತ್ತಂತೆ. ಫೋನ್ ತೆಗೆದು ಆಡಿಟ್‌ಗೆಂದು ನಾನೇ ತಯಾರಿಸಿದ್ದ ಎರಡು ಚಿತ್ರ ತೋರಿಸಿದೆ. ಎಡಗಡೆ ಲೋಟ ಮತ್ತು ಬೀಗ ಅಂಟಿಸಿದ ರಿಮೋಟ್, ಕೆಳಗೆ ಮೊದಲು ಎಂದು ಬರೆದಿತ್ತು. ಬಲಗಡೆ ಬೋಳು ರಿಮೋಟ್, ನಂತರ. ಈ ಚಿತ್ರವನ್ನೇ ಮುಖ್ಯಸ್ಥರು ಮೀಟಿಂಗಿನಲ್ಲಿ ತೋರಿಸಿ ಚಪ್ಪಾಳೆ ಹೊಡೆಸಿದ್ದರು.

ಕಾಕಾ ಉಪಾಯ ಮಾಡಿಕೊಂಡಿದ್ದರು, ನಾನು ಅದನ್ನು ಕೀಳಿಸಿದೆ ಎಂದೆ. ಯಾಕೆ ಬೇಕೆಂದು ಅವರು ನನಗೆ ಬಿಡಿಸಿ ಹೇಳಿದ್ದರು, ನಾನು ನಕ್ಕಿದ್ದೆ. ಅದನ್ನೂ ಹೇಳಿದೆ. ಇದನ್ನು ಬರೆದುಕೊಳ್ಳಿ, ಇದಕ್ಕೆ ಸಹಿ ಮಾಡುತ್ತೇನೆ.

ಹೇಳುವಾಗ ನಾನು ಧೈರ್ಯವಂತೆ ಎಂದೇನೂ ಅನಿಸಲಿಲ್ಲ. ನಾಲ್ಕು ದಿನ ಸುಮ್ಮನಿದ್ದೆನಲ್ಲ. ಹುಕ್ಕಿನ ಪರೀಕ್ಷೆಯಿಂದಲೇ ಕಾಕಾ ಉಳಿದುಬಿಟ್ಟರೆ ನನ್ನ ಹೆಸರು ಬರದೇ ಹೋದೀತು ಎಂಬ ಆಸೆ ಒಳಗೆಲ್ಲೋ ಇತ್ತು. ಇಲ್ಲವಾದರೆ ಮೊದಲ ದಿನವೇ ಆ ಚಿತ್ರ ತೋರಿಸಬಹುದಿತ್ತು.

ಹತ್ತು ದಿನಕ್ಕೆ ತೀರ್ಮಾನ ಬಂತು. ಕಾಕಾನ ಪಾಸ್ ನಿಲ್ಲಿಸಲಿಲ್ಲ. ಅವರಿಗೊಂದು ಎಚ್ಚರಿಕೆಯ ಪತ್ರ, ಒಂದು ತಿಂಗಳು ಸ್ಟೋರಿನಲ್ಲಿ ಕೆಲಸ. ನನಗೂ ಒಂದು ಪತ್ರ. ಇಬ್ಬರ ಪತ್ರದಲ್ಲೂ ಕೊನೆಯ ಪ್ಯಾರಾ ಒಂದೇ, ಹೆಸರು ಮಾತ್ರ ಬೇರೆ. ರಿಮೋಟಿನ ಪ್ಲಾಸ್ಟಿಕ್ ತೆಗೆಯಲು ಲಿಖಿತ ಆದೇಶ ಹೊರಟಿತು; ಸ್ಟೋರಿನವರು ಆ ಮಾಸಿದ ಪ್ಲಾಸ್ಟಿಕ್ಕನ್ನು ನನ್ನಿಂದ ರಸೀದಿಗೆ ಸಹಿ ಹಾಕಿಸಿಕೊಂಡು ವಾಪಸು ಪಡೆದರು. ಶೆಡ್ಡಿನ ಎರಡು ತುದಿಗೂ, ಕಡ್ಡಿಯ ಎರಡು ತುದಿಗೂ ಹಳದಿ ತಗಡಿನ ಮೇಲೆ ಎ ಮತ್ತು ಬಿ ಎಂದು ಬರೆಸಿ ಹಾಕಿದರು. ಎಚ್‌ಆರ್‌ನವರು ಗೋಡೆಗೆ ಹೊಸ ಪೋಸ್ಟರ್ ಅಂಟಿಸಿದರು: ಜಾಗ್ರತೆಯೇ ಸುರಕ್ಷತೆ. ಅದನ್ನು ತೆಗೆಸುವ ಅಧಿಕಾರ ನನಗಿಲ್ಲ.

ತಿಂಗಳು ಮುಗಿದಾಗ ಕಾಕಾ ಕ್ರೇನಿಗೆ ಬರುವುದಿಲ್ಲ ಎಂದುಬಿಟ್ಟರು. ಸ್ಟೋರಿನಲ್ಲೇ ಇರುತ್ತೇನೆ, ಸಂಬಳ ಕಡಿಮೆಯಾದರೂ ಆಗಲಿ. ನಾನು ಹೋಗಿ ಕೇಳಿಕೊಂಡೆ, ಮುಖ್ಯಸ್ಥರೂ ಹೇಳಿ ಕಳಿಸಿದರು. ಅಷ್ಟೆಲ್ಲ ಮಾಡಿ ಉಳಿಸಿದ ಕೆಲಸವನ್ನು ತಾವೇ ಬಿಡುತ್ತೇನೆಂದರೆ ಹೇಗಿರುತ್ತದೆ?

"ಅಂವ ನನ್ನ ಕೈ ಕೆಳಗ ಹೆಂಗ ನಿಂದರತಾನ ಯವ್ವಾ? ಅಂವಗೂ ಹೆಂಡ್ತಿ ಮಕ್ಕಳು ಅದಾರ," ಎಂದರು.

ಇದಕ್ಕೆ ಉತ್ತರ ಕೊಡಬೇಕಾದ ಖಲಾಸಿ ಮಧ್ಯಾಹ್ನ ತಾನೇ ಸ್ಟೋರಿಗೆ ಬಂದ. ಕ್ರೇನಿಗೆ ಬೇರೊಬ್ಬನನ್ನು ಹಾಕುತ್ತಾರೆಂದು ಅವನ ಕಿವಿಗೂ ಬಿದ್ದಿತ್ತು. ಸ್ಟೋರಿನ ಜಾಲರಿಯ ಕಿಟಕಿಗೆ ಮುಖ ಹಚ್ಚಿ ನಿಂತ.

"ಅನ್ನಾ, ಕೊತ್ತೋಡು ಎವಡೊಸ್ತಡೋ. ನುವ್ವೈತೆ ಭಯಪಡ್ತವ್."

ಹೊಸಬ ಯಾರು ಬರುತ್ತಾನೋ ಏನೋ, ನೀನಾದರೆ ಹೆದರುತ್ತೀ ಎಂದು ಅದರ ಅರ್ಥ. ಕಾಕಾ ಬೆರಳಲ್ಲಿ ಉರುಳಿಸುತ್ತಿದ್ದ ನಟ್ಟನ್ನು ಡಬ್ಬಿಗೆ ಹಾಕಿದರು. ಆಮೇಲೆ ಎದ್ದು ಚಪ್ಪಲಿ ಬಿಟ್ಟು ಶೂ ಹಾಕಿಕೊಂಡರು.

ಈಗ ಕಾಕಾ ಪ್ರತಿ ಸಲ ಲೋಡು ಸರಿಸುವ ಮೊದಲು ಕಡ್ಡಿಯನ್ನು ಕೂದಲೆಳೆಯಷ್ಟು ಅಲುಗಿಸುತ್ತಾರೆ. ಲೋಡು ಒಂದು ಗೇಣು ಸರಿಯುತ್ತದೆ, ಅವರು ಕೈಯನ್ನು ಪೂರ್ತಿ ಮೇಲೆತ್ತುತ್ತಾರೆ. ಖಲಾಸಿ ಎಷ್ಟೇ ದೂರದಲ್ಲಿರಲಿ, ಹೋಗುತ್ತಿರುವ ಕಡೆ ಸರಿಯೆಂದು ಅವನು ಕೂಗಿದ ಮೇಲೆಯೇ ಕೈ ಮತ್ತೆ ಇಳಿಯುತ್ತದೆ. ಇದರಿಂದ ಕೆಲಸ ನಿಧಾನವಾಗುತ್ತಿದೆ ಎಂದು ಪ್ರೊಡಕ್ಷನ್ ಸೂಪರ್‌ವೈಸರ್ ನನ್ನ ಟೇಬಲ್ಲಿಗೆ ಬಂದಿದ್ದ. ನೀವು ಅವರ ಭಾಷೆಯವರು, ಸ್ವಲ್ಪ ಬೇಗ ಮಾಡಲು ಹೇಳಿ ಎಂದ.

ನಾನು ಆಗಲಿ ಎಂದೆ. ಹೇಳಿಲ್ಲ. ಎರಡು ವಾರದಿಂದ ಅವನು ದಿನವೂ ಬಂದು ಹೇಳಿದಿರಾ ಎಂದು ಕೇಳುತ್ತಾನೆ, ನಾನು ದಿನವೂ ಹೇಳುತ್ತೇನೆ ಎನ್ನುತ್ತೇನೆ. ಕಾಕಾನ ನಿವೃತ್ತಿಗೆ ಇನ್ನೂ ಒಂದೂಮುಕ್ಕಾಲು ವರ್ಷ ಇದೆ. ಅಲ್ಲಿಯವರೆಗೂ ಹೀಗೇ ಹೇಳುತ್ತಿರುತ್ತೇನೆ.